ಕಳೆ ತುಂಬಿದ ಹುಲ್ಲುಹಾಸಿಗೆ ಕೈಯಿಂದ ತಳ್ಳುವ ಮೋವರ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ತಂದೆಯವರ ಮನೆಗೆ ಮೂರು ವರ್ಷ ಬೀಗ ಬಿದ್ದಿತ್ತು. ಕಳೆದ ವರ್ಷ ನಾವು ಅಲ್ಲಿಗೆ ವಾಸಕ್ಕೆ ಬಂದಾಗ, ಮನೆಯ ಮುಂದಿನ ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಹುಲ್ಲುಹಾಸಿನಲ್ಲಿ ಹುಲ್ಲೊಂದನ್ನು ಬಿಟ್ಟು ಉಳಿದೆಲ್ಲವೂ ಬೆಳೆದಿತ್ತು. ಮೊಣಕಾಲೆತ್ತರದ ಕಾಂಗ್ರೆಸ್ ಗಿಡ, ಕೆಲವರು ಜಯಂತಿ ಎಂದು ಕರೆಯುವ, ಉದ್ದ ಕಡ್ಡಿಯ ತುದಿಯಲ್ಲಿ ಸಣ್ಣ ಹೂ ಬಿಡುವ ಟ್ರೈಡ್ಯಾಕ್ಸ್, ಗೇಟಿನ ಬದಿಯಲ್ಲಿ ಮುಟ್ಟಿದರೆ ಮುನಿ, ನಲ್ಲಿಯ ಸುತ್ತ ಹುಳಿಸೊಪ್ಪು, ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲೆಡೆ ತಲೆ ಎತ್ತಿದ್ದ, ನೆಲದೊಳಗೆ ಗಡ್ಡೆ ಕಟ್ಟುವ ಕೊನ್ನಾರಿ. ನನಗೆ ಅದುವರೆಗೆ ಕುಂಡದಲ್ಲಿ ತುಳಸಿ ಬೆಳೆಸಿದ್ದಕ್ಕಿಂತ ಹೆಚ್ಚಿನ ತೋಟಗಾರಿಕೆ ತಿಳಿದಿರಲಿಲ್ಲ. ಆ ಅಂಗಳವನ್ನು ಮತ್ತೆ ಹುಲ್ಲುಹಾಸಾಗಿ ಮಾಡಿಕೊಳ್ಳುವಲ್ಲಿ ನನಗೆ ಹೆಚ್ಚು ಒದಗಿಬಂದದ್ದು ವಿದ್ಯುತ್ತಾಗಲಿ ಪೆಟ್ರೋಲಾಗಲಿ ಬೇಡದ, ಕೈಯಿಂದ ತಳ್ಳುವ, ಒಮ್ಮೆಗೆ ಹದಿನಾಲ್ಕು ಇಂಚು ಅಗಲಕ್ಕೆ ಹುಲ್ಲು ಕತ್ತರಿಸುವ ಯಂತ್ರ, ಅಂದರೆ ಮೋವರ್. ಇದೇ ಸ್ಥಿತಿಯ ಅಂಗಳವನ್ನು ಎದುರಿಗಿಟ್ಟುಕೊಂಡು ಏನು ಕೊಳ್ಳುವುದೆಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲೆಂದು, ಅದರ ಗುಣದೋಷಗಳನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಯಂತ್ರದ ಮಾತಿಗೆ ಬರುವ ಮುನ್ನ, ಅದನ್ನು ಕೊಳ್ಳುವ ತೀರ್ಮಾನಕ್ಕೆ ನಾನು ಬಂದ ಬಗೆಯನ್ನು ಹೇಳಬೇಕು. ಮೊದಲು ನಾನು ಮೊರೆಹೋದದ್ದು ಹುಲ್ಲುಹಾಸು ಮಾಡಿಕೊಡುವ ಒಂದು ಸಂಸ್ಥೆಗೆ. ಅವರು ಬಂದು ಅಳತೆ ತೆಗೆದುಕೊಂಡು, ಇರುವುದನ್ನೆಲ್ಲ ನಾಲ್ಕು ಇಂಚು ಆಳಕ್ಕೆ ಕೆತ್ತಿ ತೆಗೆದು, ಹೊಸ ಕೆಮ್ಮಣ್ಣು ಮತ್ತು ಗೊಬ್ಬರ ಹರಡಿ, ಮೇಲೆ ಮೆಕ್ಸಿಕನ್ ಹುಲ್ಲಿನ ಕಾರ್ಪೆಟ್, ಅಂದರೆ ಬೇರೆಡೆ ಬೆಳೆಸಿ ಬೇರುಸಮೇತ ತಂದ ಹುಲ್ಲಿನ ಹಾಸು, ಹಾಸುವುದಾಗಿ ಹೇಳಿದರು. ಚದರಡಿಗೆ ಅರವತ್ತು ರೂಪಾಯಿಯಂತೆ ಒಟ್ಟು ಮೂವತ್ತಾರು ಸಾವಿರ ರೂಪಾಯಿ ಆಗುತ್ತಿತ್ತು. ನಾನು ಅಷ್ಟನ್ನೂ ಒಮ್ಮೆಗೇ ಒಪ್ಪಿಸದೆ, ಗೇಟಿನ ಪಕ್ಕದ ನೂರು ಚದರಡಿಯಲ್ಲಿ ಮಾತ್ರ ಮಾಡಿಸಿ ನೋಡಿದೆ. ಆರು ವಾರ ಅದು ಕಣ್ಣಿಗೆ ಹಬ್ಬವಾಗಿತ್ತು. ಏಳನೆಯ ವಾರ ಕಾರ್ಪೆಟ್ಟನ್ನು ಸೂಜಿಯಂತೆ ತೂರಿಕೊಂಡು ಕೊನ್ನಾರಿಯ ಮೊಳಕೆಗಳು ಮೇಲೆ ಬಂದವು. ಕೆಳಗಿನ ಗಡ್ಡೆಗಳು ಅವರು ಕೆತ್ತಿದ ನಾಲ್ಕು ಇಂಚಿಗಿಂತಲೂ ಆಳದಲ್ಲಿದ್ದವು. ಸಾಲದ್ದಕ್ಕೆ, ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರದ ಜೊತೆಯಲ್ಲಿ ನಮ್ಮ ಅಂಗಳದಲ್ಲಿ ಅಲ್ಲಿಯತನಕ ಇಲ್ಲದಿದ್ದ ಎರಡು ಬಗೆಯ ಹುಲ್ಲಿನ ಬೀಜಗಳೂ ಬಂದಿದ್ದವು. ದೂರು ಹೇಳಿದಾಗ ಕಳೆ ತೆಗೆಯುವುದಕ್ಕೆ ಬೇರೆ ದರವಿದೆ ಎಂಬ ಉತ್ತರ ಬಂತು. ಆ ಆರು ಸಾವಿರ ರೂಪಾಯಿ ಹೋದದ್ದಕ್ಕೆ ನನಗೆ ನಿಜಕ್ಕೂ ಬೇಸರವಾಯಿತು. ಆದರೆ ಉಳಿದ ಐನೂರು ಚದರಡಿಯನ್ನು ಮುಟ್ಟಲು ಬಿಡದೆ ಇದ್ದದ್ದು ಒಳ್ಳೆಯದೇ ಆಯಿತು.

ಏಕೆಂದರೆ, ಆ ಐನೂರು ಚದರಡಿಯ ಕಳೆಯ ಬುಡದಲ್ಲಿ ಗರಿಕೆ ಜೀವಂತವಾಗಿತ್ತು. ಇದನ್ನು ನನಗೆ ತೋರಿಸಿಕೊಟ್ಟವರು ಪಕ್ಕದ ಮನೆಯ ತೋಟ ನೋಡಿಕೊಳ್ಳುವ ಹಿರಿಯರು. ಅವರು ಕುಕ್ಕರಗಾಲಿನಲ್ಲಿ ಕುಳಿತು ಕಾಂಗ್ರೆಸ್ ಗಿಡಗಳನ್ನು ಎರಡೂ ಕೈಯಿಂದ ಸರಿಸಿ, ನೆಲಕ್ಕೆ ಅಂಟಿಕೊಂಡು ಹರಿದಿದ್ದ ನಸುಗೆಂಪು ಬಳ್ಳಿಯನ್ನು ಬೆರಳಿನಿಂದ ಎತ್ತಿ ಹಿಡಿದು, “ಹುಲ್ಲು ಒಳಗೇ ಅದೆ ಸ್ವಾಮಿ, ಬೆಳಕು ಕಾಣ್ದೆ ಕುಂತದೆ. ಮೇಲಿಂದು ತೆಗೀರಿ, ಅದೇ ಎದ್ದೇಳ್ತದೆ” ಎಂದರು. ಆ ಬಳ್ಳಿಯ ಪ್ರತಿ ಗಿಣ್ಣಿನಲ್ಲೂ ಕೆಳಗೆ ದಾರದಂತಹ ಬೇರು, ಮೇಲೆ ಬಿಳಿಚಿಕೊಂಡ ಸಣ್ಣ ಚಿಗುರು. ಮರುದಿನ ನಾನು ಹಗ್ಗದಲ್ಲಿ ಒಂದು ಮೀಟರಿನ ಚೌಕ ಮಾಡಿಕೊಂಡು ಅಂಗಳದ ಹತ್ತು ಕಡೆ ಇಟ್ಟು ನೋಡಿದೆ. ಏಳು ಚೌಕಗಳಲ್ಲಿ ಗರಿಕೆ ಇತ್ತು. ಇಲ್ಲದ ಮೂರರಲ್ಲಿ ಎರಡು ಸಂಪಿಗೆ ಮರದ ನೆರಳಿನಲ್ಲಿದ್ದವು. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಯಾರಿಗಾದರೂ ಹಣ ಕೊಡುವ ಮೊದಲು ಈ ಪರೀಕ್ಷೆಯನ್ನು ಮಾಡಲೇಬೇಕೆಂದು ನಾನು ಒತ್ತಾಯಿಸಿ ಹೇಳುತ್ತೇನೆ. ಬಿಸಿಲು ಬೀಳುವ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಚೌಕಗಳಲ್ಲಿ ಗರಿಕೆ ಸಿಕ್ಕರೆ ಹೊಸ ಹುಲ್ಲನ್ನು ಹಾಸುವ ಅಗತ್ಯವಿಲ್ಲ.

ಗರಿಕೆಗೂ ಅದನ್ನು ಮುಚ್ಚಿ ಬೆಳೆದ ಎತ್ತರದ ಕಳೆಗಳಿಗೂ ಇರುವ ವ್ಯತ್ಯಾಸವೇ ಮೋವರಿನ ಉಪಯೋಗಕ್ಕೆ ಆಧಾರ. ಹೂಬಿಟ್ಟು ಎತ್ತರಕ್ಕೆ ಹೋಗುವ ಕಳೆಗಿಡಗಳ ಬೆಳವಣಿಗೆ ಹೆಚ್ಚಾಗಿ ಕಾಂಡದ ತುದಿಯಲ್ಲಿ ನಡೆಯುತ್ತದೆ. ತುದಿಯನ್ನು ಮತ್ತೆ ಮತ್ತೆ ಕತ್ತರಿಸಿದರೆ ಗಿಡ ಸೊರಗುತ್ತದೆ, ಬೀಜವನ್ನಂತೂ ಕಟ್ಟಲಾರದು. ಗರಿಕೆ ಬೆಳೆಯುವುದು ನೆಲಕ್ಕೆ ಅಂಟಿದ ಗಿಣ್ಣುಗಳಿಂದ ಮತ್ತು ಮಣ್ಣಿನೊಳಗಿನ ಬಳ್ಳಿಯಿಂದ. ಮೇಲಿನ ಎಲೆಯನ್ನು ಕತ್ತರಿಸಿದಷ್ಟೂ ಅದು ಅಡ್ಡ ಚಿಗುರೊಡೆದು ಹರಡುತ್ತದೆ. ಹೀಗಾಗಿ ವಾರಕ್ಕೊಮ್ಮೆ ಸರಿಯಾದ ಎತ್ತರದಲ್ಲಿ ಕತ್ತರಿಸುವುದೆಂದರೆ, ಅಂಗಳದಲ್ಲಿ ಯಾವುದು ಬದುಕಬೇಕು, ಯಾವುದು ಹೋಗಬೇಕು ಎಂಬುದನ್ನು ತೀರ್ಮಾನಿಸಿದಂತೆಯೇ.

ಮೋವರ್ ತರುವ ಮೊದಲು ಮೂರು ವಾರ ಕೈಕೆಲಸವೇ ನಡೆಯಿತು. ಈ ಯಂತ್ರ ನಾಲ್ಕು ಇಂಚಿಗಿಂತ ಎತ್ತರದ ಹುಲ್ಲನ್ನು ಕತ್ತರಿಸುವುದಿಲ್ಲ, ಮುಂದಕ್ಕೆ ಮಡಚಿ ಅದರ ಮೇಲೆ ಉರುಳಿಕೊಂಡು ಹೋಗುತ್ತದೆ. ಆದ್ದರಿಂದ ಕುಡುಗೋಲಿನಿಂದ ಎಲ್ಲವನ್ನೂ ಮೂರು ಇಂಚಿಗೆ ಇಳಿಸಿದೆ. ಕಾಂಗ್ರೆಸ್ ಗಿಡವನ್ನು ಕೊಯ್ಯದೆ, ಮಳೆ ಬಂದ ಮರುದಿನ ಕೈಗವಸು ತೊಟ್ಟು ಬೇರುಸಹಿತ ಕಿತ್ತೆ. ಅದು ಮೈಗೆ ತಾಗಿದರೆ ಕೆಲವರಿಗೆ ಚರ್ಮದ ಮೇಲೆ ತೀವ್ರ ತುರಿಕೆ, ಗುಳ್ಳೆ ಏಳುತ್ತದೆ. ಗಿಡವೊಂದು ಸಾವಿರಾರು ಬೀಜ ಉದುರಿಸುವುದರಿಂದ ಹೂವಾಗುವ ಮೊದಲೇ ಕೀಳುವುದು ಮುಖ್ಯ. ಮುಟ್ಟಿದರೆ ಮುನಿಯ ತಾಯಿಬೇರು ಆಳಕ್ಕೆ ಇಳಿದಿರುತ್ತದೆ. ಅದಕ್ಕೆ ಅಂಗಡಿಯವರು ಖುರ್ಪಿ ಎನ್ನುವ ಚಪ್ಪಟೆ ಅಲಗಿನ ಸಣ್ಣ ಸಾಧನವೇ ಬೇಕು. ನೂರಿಪ್ಪತ್ತು ರೂಪಾಯಿಗೆ ತಂದ ಖುರ್ಪಿ ಇಂದಿಗೂ ಮೊಂಡಾಗಿಲ್ಲ.

ಯಂತ್ರವನ್ನು ಕೊಂಡದ್ದು ಜೂನ್ ಕೊನೆಯ ವಾರದಲ್ಲಿ, ಆರು ಸಾವಿರದ ನಾನೂರು ರೂಪಾಯಿಗೆ. ತೂಕ ಸುಮಾರು ಒಂಬತ್ತು ಕಿಲೋ. ಎರಡು ಚಕ್ರಗಳ ನಡುವೆ ಸುರುಳಿಯಾಗಿ ತಿರುಚಿದ ಐದು ಅಲಗುಗಳ ಉರುಳೆಯಿದ್ದು, ಅದರ ಕೆಳಗೆ ಅಲುಗಾಡದ ಒಂದು ಉಕ್ಕಿನ ಪಟ್ಟಿ ಇದೆ. ಯಂತ್ರವನ್ನು ಮುಂದಕ್ಕೆ ತಳ್ಳಿದಾಗ ಚಕ್ರದೊಳಗಿನ ಹಲ್ಲುಗಳು ಉರುಳೆಯನ್ನು ವೇಗವಾಗಿ ತಿರುಗಿಸುತ್ತವೆ. ಹುಲ್ಲು ಅಲಗಿಗೂ ಪಟ್ಟಿಗೂ ನಡುವೆ ಸಿಕ್ಕಿ ಕತ್ತರಿಯ ಬಾಯಲ್ಲಿ ಸಿಕ್ಕಂತೆ ತುಂಡಾಗುತ್ತದೆ. ಈ ರಚನೆಯನ್ನು 1830ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಎಡ್ವಿನ್ ಬಡ್ಡಿಂಗ್ ಎಂಬವರು ರೂಪಿಸಿದರು. ಉಣ್ಣೆಬಟ್ಟೆಯ ಮೇಲೆ ಎದ್ದ ಎಳೆಗಳನ್ನು ಸಮವಾಗಿ ಕತ್ತರಿಸುವ ಗಿರಣಿಯ ಯಂತ್ರವೇ ಅವರಿಗೆ ಮಾದರಿಯಾಗಿತ್ತು. ಸುಮಾರು ಇನ್ನೂರು ವರ್ಷಗಳಾದರೂ ಅದರ ಮೂಲತತ್ತ್ವ ಬದಲಾಗದಿರುವುದಕ್ಕೆ ಕಾರಣ, ಕತ್ತರಿಸಿದ ಹುಲ್ಲಿನ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ. ಒಮ್ಮೆ ಪೆಟ್ರೋಲಿನ ಬ್ರಷ್ ಕಟರ್ ಇರುವವರನ್ನು ಕರೆಸಿ ಕತ್ತರಿಸಿದಾಗ ಎಲೆಯ ತುದಿ ನಾರುನಾರಾಗಿ ಸೀಳಿ, ಎರಡೇ ದಿನಕ್ಕೆ ಅಂಗಳವೆಲ್ಲ ಕಂದುಬಣ್ಣಕ್ಕೆ ತಿರುಗಿತ್ತು. ಮೋವರಿನಿಂದ ಕತ್ತರಿಸಿದ ಎಲೆಯ ತುದಿ ಬ್ಲೇಡಿನಲ್ಲಿ ಕೊಯ್ದಂತೆ ನೇರವಾಗಿರುತ್ತದೆ, ಹಸಿರು ಮಾಸುವುದಿಲ್ಲ.

ಬಳಸುವ ಮೊದಲು ಅಲಗು ಮತ್ತು ಪಟ್ಟಿಯ ನಡುವಿನ ಅಂತರವನ್ನು ಹೊಂದಿಸಿಕೊಳ್ಳಬೇಕು. ಪೆಟ್ಟಿಗೆಯಿಂದ ತೆಗೆದಾಗ ನನ್ನ ಯಂತ್ರದ ಎಡಬದಿ ಕತ್ತರಿಸುತ್ತಿತ್ತು, ಬಲಬದಿ ಹುಲ್ಲನ್ನು ಅಗಿದು ಬಿಡುತ್ತಿತ್ತು. ದಿನಪತ್ರಿಕೆಯ ಒಂದು ತುಂಡನ್ನು ಉಕ್ಕಿನ ಪಟ್ಟಿಯ ಅಂಚಿಗೆ ಹಿಡಿದು, ಉರುಳೆಯನ್ನು ಕೋಲಿನಿಂದ ನಿಧಾನವಾಗಿ ತಿರುಗಿಸಿ ನೋಡುವುದು ಸರಿಯಾದ ಕ್ರಮ. ಕಾಗದ ಎರಡೂ ತುದಿಯಲ್ಲಿ ಮತ್ತು ನಡುವೆ ಒಂದೇ ಸಮನಾಗಿ ಕತ್ತರಿಸಿ ಬೀಳುವವರೆಗೆ ಎರಡೂ ಬದಿಯ ತಿರುಪುಗಳನ್ನು ಕಾಲು ಸುತ್ತಿನಷ್ಟು ತಿರುಗಿಸುತ್ತಾ ಹೋಗಬೇಕು. ಕೈಬೆರಳನ್ನು ಉರುಳೆಯ ಬಳಿ ಎಂದಿಗೂ ಒಯ್ಯಬಾರದು. ಒಂದು ಅಲಗನ್ನು ಅಲುಗಿಸಿದರೆ ಉಳಿದ ನಾಲ್ಕೂ ತಿರುಗುತ್ತವೆ. ಮೊದಲ ಸಲ ಇದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಈಗ ಐದು ನಿಮಿಷ ಸಾಕು. ಜೊತೆಗೆ ಕೊಡುವ ಕೈಪಿಡಿಯಲ್ಲಿ ಈ ಪರೀಕ್ಷೆಯ ಬಗ್ಗೆ ಒಂದು ಸಾಲೂ ಇಲ್ಲದಿರುವುದು ದೊಡ್ಡ ಕೊರತೆ. ಹೊಸಬರು ಯಂತ್ರವೇ ಕೆಟ್ಟದ್ದೆಂದು ಭಾವಿಸಿ ಮೂಲೆಗೆ ತಳ್ಳಿಬಿಡುವ ಸಾಧ್ಯತೆ ಬಹಳ.

ಮೊದಲ ತಿಂಗಳು ಎತ್ತರವನ್ನು ಗರಿಷ್ಠ 40 ಮಿಲಿಮೀಟರಿನಲ್ಲೇ ಇಟ್ಟೆ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು ಎಂಬುದು ಎಲ್ಲ ಹುಲ್ಲುಹಾಸಿಗೂ ಅನ್ವಯಿಸುವ ನಿಯಮ. ಹುಲ್ಲು 60 ಮಿಲಿಮೀಟರ್ ಆಗುವಷ್ಟರಲ್ಲಿ ಕತ್ತರಿಸಿದರೆ ಈ ಲೆಕ್ಕ ತಾನಾಗಿಯೇ ಹೊಂದುತ್ತದೆ. ಮಳೆಗಾಲದಲ್ಲಿ ಇದಕ್ಕೆ ಐದು ದಿನಕ್ಕೊಮ್ಮೆ ಇಳಿಯಬೇಕಾಗುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಗರಿಕೆ ಮಂಕಾಗಿ ಮಲಗುವುದರಿಂದ ಹದಿನೈದು ದಿನಕ್ಕೊಮ್ಮೆ ಸಾಕು. ಸೆಪ್ಟೆಂಬರಿನ ಹೊತ್ತಿಗೆ ಎತ್ತರವನ್ನು ಹಂತಹಂತವಾಗಿ 25 ಮಿಲಿಮೀಟರಿಗೆ ಇಳಿಸಿದೆ. ಐನೂರು ಚದರಡಿಗೆ ಬೇಕಾಗುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ. ಸದ್ದು ಎಷ್ಟು ಮೆಲುವಾಗಿದೆಯೆಂದರೆ ಬೆಳಗಿನ ಆರೂವರೆಗೆ ತಳ್ಳಿದರೂ ಮಹಡಿಯಲ್ಲಿ ಮಲಗಿದ ಮಕ್ಕಳಿಗೆ ಎಚ್ಚರವಾಗುವುದಿಲ್ಲ. ಇಬ್ಬನಿ ಆರದ ಹುಲ್ಲಿನಲ್ಲಿ ಮಾತ್ರ ಬಳಸಬಾರದು. ಒದ್ದೆ ತುಂಡುಗಳು ಯಂತ್ರದ ಹಿಂಬದಿಯಲ್ಲಿ ನೆಲದ ಮೇಲೆ ಉರುಳುವ ರೋಲರಿಗೆ ಹಿಟ್ಟಿನಂತೆ ಮೆತ್ತಿಕೊಂಡು, ಎತ್ತರವೇ ಏರುಪೇರಾಗುತ್ತದೆ.

ಎರಡು ತಿಂಗಳಲ್ಲಿ ಆದ ಬದಲಾವಣೆ ನನಗೆ ನಿಜವಾಗಿ ಸಂತೋಷ ತಂದಿತು. ಎತ್ತರದ ಕಳೆಗಳು ಒಂದೊಂದಾಗಿ ಕಾಣೆಯಾಗಿ, ಅವು ಬಿಟ್ಟ ತೇಪೆಗಳಿಗೆ ಗರಿಕೆಯ ಬಳ್ಳಿಗಳು ನಾಲ್ಕೂ ಕಡೆಯಿಂದ ಹರಿದುಬಂದವು. ಆದರೂ ಯಂತ್ರದಿಂದ ಆಗದ ಕೆಲಸಗಳನ್ನು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣವಾಗುತ್ತದೆ. ಎಳೆಯ ಕಾಂಗ್ರೆಸ್ ಗಿಡ ತನ್ನ ಎಲೆಗಳನ್ನು ಚಕ್ರದಂತೆ ನೆಲಕ್ಕೆ ಒತ್ತಿಕೊಂಡು ಬೆಳೆಯುವುದರಿಂದ ಅಲಗು ಅದರ ಮೇಲೆಯೇ ಹಾದುಹೋಗುತ್ತದೆ. ಹುಳಿಸೊಪ್ಪು ಮತ್ತು ಮುರಿದರೆ ಹಾಲು ಬರುವ ಸಣ್ಣ ಹರಡುಗಿಡಗಳದ್ದೂ ಇದೇ ಕಥೆ. ಟ್ರೈಡ್ಯಾಕ್ಸಿನ ತಂತಿಯಂತಹ ಹೂಕಡ್ಡಿಗಳು ಉರುಳೆಯ ಮುಂದೆ ಬಾಗಿ, ಯಂತ್ರ ಹೋದ ಮೇಲೆ ಮತ್ತೆ ನೆಟ್ಟಗಾಗುತ್ತವೆ. ಇವಕ್ಕೆಲ್ಲ ವಾರಕ್ಕೆ ಅರ್ಧ ಗಂಟೆ ಖುರ್ಪಿ ಹಿಡಿದು ಕುಳಿತುಕೊಳ್ಳುವುದು ಅನಿವಾರ್ಯ. ಮೋವರ್ ಮಾತ್ರ ತಂದು ಉಳಿದದ್ದನ್ನು ಅದಕ್ಕೇ ಬಿಟ್ಟರೆ, ಆರು ತಿಂಗಳಲ್ಲಿ ಸಮವಾಗಿ ಕತ್ತರಿಸಿದ ಕಳೆಯ ಹಾಸು ಸಿಗುತ್ತದೆಯೇ ಹೊರತು ಹುಲ್ಲಿನದಲ್ಲ.

ಕೊನ್ನಾರಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮೊದಮೊದಲು ನನಗೆ ಅದು ಹುಲ್ಲೇ ಎಂಬ ಭ್ರಮೆಯಿತ್ತು. ಕಾಂಡವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದರೆ ಮೂರು ಮೂಲೆಗಳು ಸ್ಪಷ್ಟವಾಗಿ ತಾಗುತ್ತವೆ. ಹುಲ್ಲಿನ ಕಾಂಡವನ್ನು ಹೊಸೆದರೆ ಹಾಗೆ ತಾಗುವುದಿಲ್ಲ. ಕೈಯಿಂದ ಎಳೆದರೆ ಎಲೆ ಬರುತ್ತದೆ, ಗಡ್ಡೆ ಉಳಿಯುತ್ತದೆ. ಉಳಿದ ಗಡ್ಡೆಯಿಂದ, ಅದಕ್ಕೆ ಸರದಂತೆ ಪೋಣಿಸಿಕೊಂಡ ಇತರ ಗಡ್ಡೆಗಳಿಂದ, ಕಿತ್ತದ್ದಕ್ಕಿಂತ ಹೆಚ್ಚು ಮೊಳಕೆಗಳು ಏಳುತ್ತವೆ. ಮೋವರ್ ಅದನ್ನು ಕತ್ತರಿಸುತ್ತದೆ, ಮೂರೇ ದಿನಕ್ಕೆ ಅದು ಗರಿಕೆಗಿಂತ ಎರಡು ಬೆರಳು ಮೇಲೆ ನಿಂತಿರುತ್ತದೆ. ಗಿಡದ ಔಷಧಿ ಅಂಗಡಿಯಲ್ಲಿ ಮೊದಲು ಕೈಗೆ ಕೊಟ್ಟದ್ದು ಗ್ಲೈಫೋಸೇಟ್ ಎಂಬ ಕಳೆನಾಶಕ. ಅದು ಕೊನ್ನಾರಿಯ ಜೊತೆಗೆ ಗರಿಕೆಯನ್ನೂ ಸುಡುತ್ತದೆ ಎಂಬುದನ್ನು ಅಂಗಡಿಯವರು ಹೇಳಲಿಲ್ಲ, ಓದಿ ತಿಳಿದುಕೊಂಡೆ. ಹುಲ್ಲನ್ನು ಬಿಟ್ಟು, ಕೊನ್ನಾರಿ ಸೇರಿದ ಜೇಕಿನ ಜಾತಿಯನ್ನು ಕೊಲ್ಲುವ ಹ್ಯಾಲೊಸಲ್ಫ್ಯೂರಾನ್ ಮೀಥೈಲ್ ಕಬ್ಬಿನ ಬೆಳೆಗಾರರಿಗೆ ಪರಿಚಿತವಾದ ಔಷಧ. ಮಕ್ಕಳು ಬರಿಗಾಲಿನಲ್ಲಿ ಆಡುವ, ನೆರೆಹೊರೆಯವರು ಪೂಜೆಗೆ ಗರಿಕೆ ಕೊಯ್ದುಕೊಂಡು ಹೋಗುವ ಅಂಗಳಕ್ಕೆ ಅದನ್ನು ಸಿಂಪಡಿಸಲು ನನಗೆ ಮನಸ್ಸಾಗಲಿಲ್ಲ.

ಉಳಿದದ್ದು ಅಗೆಯುವ ದಾರಿ. ನಾಲ್ಕು ಹಲ್ಲಿನ ಫೋರ್ಕನ್ನು ಎಂಟುನೂರೈವತ್ತು ರೂಪಾಯಿಗೆ ತಂದು, ಮಳೆಯಿಂದ ನೆಲ ಮೆತ್ತಗಾದಾಗಲೆಲ್ಲ ಕೊನ್ನಾರಿ ದಟ್ಟವಾಗಿದ್ದ ತೇಪೆಗಳನ್ನು ಒಂದೊಂದಾಗಿ ಒಂದು ಅಡಿ ಆಳಕ್ಕೆ ಎಬ್ಬಿಸಿದೆ. ಗುದ್ದಲಿಯಿಂದ ಈ ಕೆಲಸ ಮಾಡಬಾರದು, ಗಡ್ಡೆಯ ಸರ ತುಂಡಾಗಿ ಮಣ್ಣಿನಲ್ಲೇ ಚದುರುತ್ತದೆ. ಫೋರ್ಕಿನಿಂದ ಎತ್ತಿದ ಮಣ್ಣುಹೆಂಟೆಯನ್ನು ಕೈಯಲ್ಲಿ ಪುಡಿಮಾಡಿದರೆ ಕಪ್ಪು ದಾರಕ್ಕೆ ಪೋಣಿಸಿದಂತೆ ಐದಾರು ಗಡ್ಡೆಗಳು ಒಟ್ಟಿಗೇ ಬರುತ್ತವೆ. ಒಂದನ್ನು ಉಗುರಿನಿಂದ ಗೀರಿದರೆ ಒಳಗೆ ಬೆಳ್ಳಗೆ, ಮೂಗಿಗೆ ಹಿಡಿದರೆ ಆಯುರ್ವೇದದ ಅಂಗಡಿಯ ವಾಸನೆ. ಭದ್ರಮುಷ್ಟಿ ಎಂದು ಗ್ರಂದಿಗೆ ಅಂಗಡಿಯಲ್ಲಿ ಕೊಡುವುದು ಇದನ್ನೇ. ನಾಲ್ಕಡಿ ಚೌಕದ ಒಂದೇ ತೇಪೆಯಿಂದ ಒಂದೂವರೆ ಕಿಲೋ ಗಡ್ಡೆ ಸಿಕ್ಕಿತು. ಅವನ್ನು ಗೊಬ್ಬರದ ಗುಂಡಿಗೆ ಹಾಕದೆ, ತಾರಸಿಯ ಮೇಲೆ ಹರಡಿ ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿದೆ. ತೇವವೆಲ್ಲ ಆರಿದ ಗಡ್ಡೆ ಮತ್ತೆ ಮೊಳೆಯುವುದಿಲ್ಲ. ಅಗೆದ ಜಾಗಕ್ಕೆ ಬೇರೆಡೆಯ ಗರಿಕೆಯ ಬಳ್ಳಿಗಳನ್ನು ಗೇಣುದ್ದ ತುಂಡು ಮಾಡಿ, ಅರ್ಧ ಅಡಿಗೊಂದರಂತೆ ಗಿಣ್ಣು ಮಣ್ಣಿಗೆ ತಾಗುವಂತೆ ನೆಟ್ಟು, ನೆಲವನ್ನು ಕಾಲಿನಿಂದ ಒತ್ತಿದೆ. ಇಷ್ಟಾದರೂ ಕೊನ್ನಾರಿ ಸಂಪೂರ್ಣವಾಗಿ ಹೋಗಿಲ್ಲ. ಮೊದಲಿದ್ದದ್ದರಲ್ಲಿ ಕಾಲುಭಾಗ ಉಳಿದಿದೆ. ಹುಲ್ಲು ದಟ್ಟವಾದ ಕಡೆಗಳಲ್ಲಿ ಅದರ ಎಲೆ ತೆಳ್ಳಗಾಗಿ ಸೊರಗಿರುವುದು ಕಣ್ಣಿಗೆ ಕಾಣುತ್ತದೆ.

ಗೊಬ್ಬರ ಮತ್ತು ನೀರಿನ ವಿಷಯ ಚಿಕ್ಕದು. ಜರಡಿ ಹಿಡಿದ ಎರೆಗೊಬ್ಬರವನ್ನು ಅಕ್ಟೋಬರಿನಲ್ಲಿ ಒಮ್ಮೆ, ಮೇ ತಿಂಗಳ ಮೊದಲ ಮಳೆಯ ನಂತರ ಒಮ್ಮೆ ತೆಳ್ಳಗೆ ಹರಡಿ ಕಸಬರಿಗೆಯಿಂದ ಹುಲ್ಲಿನೊಳಕ್ಕೆ ಇಳಿಸಿದೆ. ಜುಲೈ ಮತ್ತು ಸೆಪ್ಟೆಂಬರಿನಲ್ಲಿ ಚದರ ಮೀಟರಿಗೆ 10 ಗ್ರಾಮಿನಂತೆ ಯೂರಿಯಾ ಚೆಲ್ಲಿ ಕೂಡಲೇ ನೀರು ಹಾಯಿಸಿದೆ. ಅಳತೆ ಮೀರಿದರೆ ಹುಲ್ಲು ಸುಟ್ಟ ಕಲೆಗಳು ಬೀಳುತ್ತವೆ. ದಿನವೂ ಸಂಜೆ ಚಿಮುಕಿಸುವ ಅಭ್ಯಾಸವನ್ನು ಬಿಟ್ಟು, ಬೇಸಿಗೆಯಲ್ಲಿ ವಾರಕ್ಕೆರಡು ಸಲ ನೆಲ ಆಳಕ್ಕೆ ನೆನೆಯುವಂತೆ ಕೊಟ್ಟೆ. ಸಂಪಿಗೆಯ ನೆರಳಿನಲ್ಲಿ ಗರಿಕೆ ಎಷ್ಟು ಮಾಡಿದರೂ ಹಿಡಿಯುವುದಿಲ್ಲವೆಂದು ಅರಿತು ಆ ಭಾಗವನ್ನು ಬಿಟ್ಟುಬಿಟ್ಟೆ. ಅಲ್ಲಿ ತಾನಾಗಿಯೇ ಹರಡಿದ ಒಂದೆಲಗ ಈಗ ವಾರಕ್ಕೊಮ್ಮೆ ಚಟ್ನಿಗೆ, ತಂಬುಳಿಗೆ ಆಗುತ್ತಿದೆ.

ಮತ್ತೆ ಯಂತ್ರದ ದೋಷಗಳಿಗೆ ಬರುತ್ತೇನೆ. ಎತ್ತರವನ್ನು ಎರಡೂ ಬದಿಯಲ್ಲಿ ಬೇರೆ ಬೇರೆಯಾಗಿ ಹೊಂದಿಸಬೇಕಾದ್ದರಿಂದ, ಸ್ಕೇಲ್ ಹಿಡಿದು ಅಳೆಯದಿದ್ದರೆ ಒಂದು ಬದಿ ತಗ್ಗಾಗಿ ಹುಲ್ಲಿನ ಮೇಲೆ ಪಟ್ಟೆಗಳು ಬೀಳುತ್ತವೆ. ಹಿಡಿಕೆಯ ಮೇಲಿನ ಸ್ಪಂಜು ನಾಲ್ಕನೆಯ ತಿಂಗಳಿಗೇ ಹರಿಯಿತು, ಸೈಕಲ್ ಅಂಗಡಿಯ ಹಿಡಿಕೆ ಹಾಕಿಸಿಕೊಂಡೆ. ಹುಲ್ಲು ಸಂಗ್ರಹಿಸುವ ಬಟ್ಟೆಯ ಚೀಲ ತಿರುವಿನಲ್ಲೆಲ್ಲ ಕಳಚಿಕೊಳ್ಳುತ್ತದೆ. ಕಳೆಬೀಜ ಉದುರುವ ಮೊದಲ ಎರಡು ತಿಂಗಳಲ್ಲಿ ಚೀಲ ಅಗತ್ಯವೆನಿಸುವುದರಿಂದ ಈ ಕೊರತೆ ಆಗ ಹೆಚ್ಚು ಕಾಡುತ್ತದೆ. ಕಳೆ ಕಡಿಮೆಯಾದ ಮೇಲೆ ಸಣ್ಣ ತುಂಡುಗಳು ಹುಲ್ಲಿನಲ್ಲೇ ಉಳಿದು ಕೊಳೆಯುವುದು ಒಳ್ಳೆಯದು. ಜಲ್ಲಿಕಲ್ಲೊಂದು ಸಿಕ್ಕಿ ಒಂದು ಅಲಗಿನಲ್ಲಿ ಕಚ್ಚು ಬಿದ್ದಿದೆ. ತಳ್ಳುವ ಮೊದಲು ನೆಲವನ್ನು ಒಮ್ಮೆ ಗುಡಿಸುವುದು ಅಂದಿನಿಂದ ನನ್ನ ರೂಢಿ.

ಹರಿತದ ವಿಷಯದಲ್ಲಿ ಒಂದು ಎಚ್ಚರಿಕೆ ಕೊಡಬೇಕು. ಚಾಕು, ಕತ್ತರಿಗೆ ಸಾಣೆ ಹಿಡಿಯುವವರ ಕೈಗೆ ಈ ಯಂತ್ರವನ್ನು ಕೊಡಬೇಡಿ, ಸುರುಳಿ ಅಲಗಿನ ಅಂಚು ಕೆಡುತ್ತದೆ. ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ವಾಲ್ವ್ ಗ್ರೈಂಡಿಂಗ್ ಪೇಸ್ಟನ್ನು ಅಲಗುಗಳ ಅಂಚಿಗೆ ಬ್ರಷ್ಷಿನಿಂದ ಸವರಿ, ಒಂದು ಚಕ್ರ ಬಿಚ್ಚಿ ಉರುಳೆಯನ್ನು ಹಿಮ್ಮುಖವಾಗಿ ಹತ್ತು ನಿಮಿಷ ತಿರುಗಿಸಿದರೆ ಅಲಗೂ ಪಟ್ಟಿಯೂ ಒಂದಕ್ಕೊಂದು ಮಸೆದುಕೊಂಡು ಹರಿತವಾಗುತ್ತವೆ. ನಂತರ ಪೇಸ್ಟನ್ನು ಪೂರ್ತಿ ಒರೆಸಿ ಎಣ್ಣೆ ಹಚ್ಚಬೇಕು. ಹದಿನಾಲ್ಕು ತಿಂಗಳಲ್ಲಿ ಇದನ್ನು ಒಮ್ಮೆ ಮಾತ್ರ ಮಾಡಿದ್ದೇನೆ.

ಯಂತ್ರ, ಫೋರ್ಕ್, ಎರಡು ಖುರ್ಪಿ, ಕೈಗವಸು, ಎರೆಗೊಬ್ಬರ ಎಲ್ಲ ಸೇರಿ ನನಗಾದ ಖರ್ಚು ಒಂಬತ್ತು ಸಾವಿರ ರೂಪಾಯಿಯ ಆಸುಪಾಸು. ಸಾವಿರ ಚದರಡಿಯೊಳಗಿನ, ಬಿಸಿಲು ಚೆನ್ನಾಗಿ ಬೀಳುವ, ನೆಲ ಸಮವಾಗಿರುವ ಅಂಗಳಕ್ಕೆ ಈ ಬಗೆಯ ಮೋವರನ್ನು ನಾನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ವಾರಕ್ಕೊಮ್ಮೆ ಕತ್ತರಿಸಲು ಬಿಡುವಿಲ್ಲದವರಿಗೆ, ಉಬ್ಬುತಗ್ಗು ಹೆಚ್ಚಿರುವ ನೆಲಕ್ಕೆ, ಒರಟು ಎಲೆಯ ಬಫೆಲೋ ಹುಲ್ಲಿಗೆ ಇದು ತಕ್ಕುದಲ್ಲ. ಅವರು ವಿದ್ಯುತ್ ಚಾಲಿತ ಮೋವರನ್ನೇ ನೋಡುವುದು ಲೇಸು. ಹದಿನಾರು ಇಂಚಿನದೂ ಸಿಗುತ್ತದೆ, ಆದರೆ ಕಳೆಯ ಬುಡಗಳು ಇನ್ನೂ ಉಳಿದಿರುವ ಮೊದಲ ತಿಂಗಳುಗಳಲ್ಲಿ ಅದನ್ನು ತಳ್ಳಲು ತೋಳಿನ ಬಲ ಹೆಚ್ಚು ಬೇಕಾಗುವುದರಿಂದ ಹದಿನಾಲ್ಕು ಇಂಚಿನದೇ ಸರಿಯೆಂದು ನನ್ನ ಅಭಿಪ್ರಾಯ.

ಕಳೆದ ಗಣೇಶನ ಹಬ್ಬದ ಹಿಂದಿನ ದಿನವೇ ಕತ್ತರಿಸಿಬಿಟ್ಟಿದ್ದರಿಂದ, ಎದುರು ಮನೆಯ ಅಜ್ಜಿ ಗರಿಕೆಗೆಂದು ಬಂದಾಗ ಮೂರೆಸಳಿನ ಉದ್ದದ ಕುಡಿ ಒಂದೂ ಸಿಗಲಿಲ್ಲ. ಈ ವರ್ಷ ಕಾಂಪೌಂಡಿನ ಉದ್ದಕ್ಕೂ ಎರಡಡಿ ಅಗಲದ ಪಟ್ಟಿಗೆ ಮೂರು ವಾರದಿಂದ ಯಂತ್ರ ತಾಗಿಸಿಲ್ಲ. ಕುಡಿಗಳು ಈಗ ಗೇಣುದ್ದ ಎದ್ದಿವೆ. ಅವುಗಳ ನಡುವೆ ಕಾಣಿಸಿದ ಆರು ಕೊನ್ನಾರಿ ಗಿಡಗಳನ್ನು ನಿನ್ನೆ ಫೋರ್ಕಿನಿಂದ ಗಡ್ಡೆಸಮೇತ ತೆಗೆದಿದ್ದೇನೆ.